ಎರಡನೆಯ ಎಂಜಿನ್ ಯಾಕೆ ನಿಂತಿತು

ಪರಮೇಶಪ್ಪನಿಗೆ ಒಂದು ಚಾಳಿಯಿತ್ತು. ಏನು ಕಂಡರೂ ‘ಯಾಕೆ’ ಅನ್ನುವುದು. ಹಂಸಭಾವಿಯ ಮನೆಯಲ್ಲಿ ಚಿಕ್ಕವನಿದ್ದಾಗ, ಮಜ್ಜಿಗೆ ಕಡೆದರೆ ಬೆಣ್ಣೆ ಮೇಲೆಯೇ ಯಾಕೆ ಬರುತ್ತದೆ, ಕೆಳಗೆ ಯಾಕೆ ಕೂಡುವುದಿಲ್ಲ ಎಂದು ಕೇಳಿ ಕೇಳಿ ತಾಯಿ ವೀರವ್ವನಿಂದ ಬೈಸಿಕೊಂಡವನು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಮೇಲಾದರೂ ಬಿಟ್ಟಾನು ಎಂದು ಆಕೆ ನಂಬಿದ್ದಳು. ಓದಿನಿಂದ ಚಾಳಿ ಹೋಗಲಿಲ್ಲ, ಅದಕ್ಕೊಂದು ಸರ್ಟಿಫಿಕೇಟು ಸಿಕ್ಕಿತು ಅಷ್ಟೆ.

ಅಂಥವನು ಐವತ್ತೊಂಬತ್ತನೆಯ ಇಸವಿಯಲ್ಲಿ ತಾಯಿಯನ್ನೂ ಕರೆದುಕೊಂಡು ಶಿಗ್ಗಾಂವದ ಪವರ್‌ಹೌಸಿಗೆ ಮೇಲ್ವಿಚಾರಕನಾಗಿ ಬಂದ. ಶರಾವತಿಯ ಕರೆಂಟು ಆಗಿನ್ನೂ ಭಾಷಣಗಳಲ್ಲಷ್ಟೇ ಹರಿಯುತ್ತಿತ್ತು. ಕಾಳಿನ ಪೇಟೆಯ ನಾಲ್ಕು ಜನ ವರ್ತಕರು ಕೂಡಿ ಎರಡು ಡೀಸೆಲ್ ಎಂಜಿನ್ ತಂದು, ಊರ ಹೊರಗೆ ತಗಡಿನ ಶೆಡ್ಡು ಹಾಕಿ, ಅವನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಶೆಡ್ಡಿನಿಂದ ಎರಡು ಲೈನು ಹೊರಡುತ್ತಿದ್ದವು, ಒಂದು ಪೇಟೆ ಲೈನು, ಇನ್ನೊಂದು ಊರ ಲೈನು. ಹೊತ್ತು ಮುಳುಗುವಾಗ ಎಂಜಿನ್ನುಗಳು ಗುಡುಗತೊಡಗಿದರೆ ಜನ ಮಲಗುವ ತನಕ ಬೆಳಕು. ಆದರೆ ವಾರಕ್ಕೊಮ್ಮೆ ಏನಾದರೊಂದು ಆಗಿ ಇಡೀ ಊರು ಕತ್ತಲಾಗುತ್ತಿತ್ತು. ಜನ ಪವರ್‌ಹೌಸಿನವರ ಹಿರಿಕರನ್ನೆಲ್ಲ ನೆನೆಸಿಕೊಂಡು ಕಂದೀಲು ಹಚ್ಚುತ್ತಿದ್ದರು. ನಾಲ್ಕು ವರ್ತಕರಲ್ಲಿ ಹಿರಿಯನಾದ ಚನ್ನವೀರಪ್ಪನಿಗೆ ಈ ಬೈಗುಳ ನೇರವಾಗಿ ಮುಟ್ಟುತ್ತಿತ್ತು, ಯಾಕೆಂದರೆ ಅವನ ಅಂಗಡಿ ಪೇಟೆಯ ನಟ್ಟನಡುವೆ ಇತ್ತು.

“ತಮ್ಮಾ, ಇನ್ನೊಂದು ಎಂಜಿನ್ ತರೂದು ಬೇಕೋ ಬ್ಯಾಡೋ, ಅದೊಂದು ತಿಳದು ಹೇಳು,” ಎಂದು ಅವನು ಹೊಸ ಮೇಲ್ವಿಚಾರಕನಿಗೆ ಮೊದಲ ಕೆಲಸ ಹಚ್ಚಿದ.

ಪರಮೇಶಪ್ಪನಿಗೆ ಹಬ್ಬವಾಯಿತು. ಇಂಥ ಪ್ರಶ್ನೆಗೇ ಅವನು ಕಾದಿದ್ದ. ಎಂಜಿನ್ ಕೆಟ್ಟಾಗಲೆಲ್ಲ ರಿಪೇರಿಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವನು ಫಿಟ್ಟರ್ ಶಹಾಬುದ್ದೀನ. ಅವನನ್ನು ಹಿಡಿದು ಕೂರಿಸಿ ಚಹಾ ಕುಡಿಸಿ, ಯಾವುದು ಎಷ್ಟು ಸಲ ಕೆಡುತ್ತದೆ ಎಂದು ಕೇಳಿದ.

“ಎರಡೂ ಒಂದs ನಮೂನಿ ಸಾಹೇಬ್ರ. ಒಂದೊಂದರದೂ ಹದಿನೈದು ದಿನಕ್ಕೊಮ್ಮೆ ಏನರ ಒಂದು ತಕರಾರು ಇದ್ದ ಇರ್ತೈತಿ,” ಎಂದ ಶಹಾಬುದ್ದೀನ.

ಅಷ್ಟು ಸಾಕಾಗಿತ್ತು. ಆ ವಾರವೇ ಚನ್ನವೀರಪ್ಪನ ಅಂಗಡಿಯ ಗಾದಿಯ ಮೇಲೆ ನಾಲ್ಕೂ ಪಾಲುದಾರರು ಕೂಡಿದಾಗ ಪರಮೇಶಪ್ಪ ಬರಿಗೈಯಲ್ಲಿ ಬರಲಿಲ್ಲ. ತಾಯಿ ಚೌಕಾಬಾರ ಆಡುವ ಕವಡೆಗಳನ್ನು ಜೇಬಿನಲ್ಲಿ ತುಂಬಿಕೊಂಡು ಬಂದಿದ್ದ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರೆ ಈ ಹಿರಿಯರು ಆಕಳಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

“ನೋಡ್ರಿ, ಈ ನಾಕು ಕವಡಿ ಅಂದ್ರ ಒಂದನೇ ಎಂಜಿನ್. ಆ ನಾಕು ಎರಡನೇದು. ಒಂದು ಸಲ ಒಗದ್ರ ಒಂದು ದಿನಾ ಹೋತು ಅಂತ ತಿಳಕೊಳ್ರಿ. ನಾಕೂ ಅಂಗಾತ ಬಿದ್ದು ಚೌಕಾ ಆತಂದ್ರ, ಅವತ್ತು ಆ ಎಂಜಿನ್ ಕೆಟ್ಟಂಗ. ಇಲ್ಲಂದ್ರ ನಡದಂಗ. ಚೌಕಾ ಬೀಳೂದೂ ಹೆಚ್ಚೂಕಡಿಮಿ ಹದಿನೈದು ಸಲಕ್ಕ ಒಮ್ಮೆನ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ನಾಚುತ್ತ ಒಗೆದ. ಇನ್ನೊಬ್ಬ ತೋಳೇರಿಸಿ ಒಗೆದ. ಸ್ವಲ್ಪ ಹೊತ್ತಿಗೆ ಗಾದಿಯ ಮೇಲೆ ಕೂಗಾಟವೇ ಶುರುವಾಯಿತು. “ನನ್ನ ಎಂಜಿನ್ ಕೆಟ್ಟಿತಲೇ!” ಎಂದು ಒಬ್ಬ ಒದರಿದರೆ “ನಂದಿನ್ನೂ ಗಟ್ಟಿ ಐತಿ” ಎಂದು ಮತ್ತೊಬ್ಬ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ಬಾಗಿಲಲ್ಲಿ ನಿಂತು ನೋಡಿದರು. ಒಂದು ಎಂಜಿನ್ ಆಗಾಗ ಕೆಟ್ಟಿತು, ಇನ್ನೊಂದೂ ಆಗಾಗ ಕೆಟ್ಟಿತು. ಆದರೆ ಎರಡೂ ಒಟ್ಟಿಗೆ ಚೌಕಾ ಬೀಳಲಿ ಎಂದು ಒಗೆದೂ ಒಗೆದೂ ಅವರ ಕೈ ಸೋತವೇ ಹೊರತು ಅದು ಬೀಳಲೇ ಇಲ್ಲ.

“ಎರಡೂ ಕೂಡೇ ಕೆಡೂದು ಏಳೆಂಟು ತಿಂಗಳಿಗೆ ಒಂದು ಸಲ ಆದ್ರ ಹೆಚ್ಚು. ಮೂರನೇ ಎಂಜಿನ್ ಬ್ಯಾಡ್ರಿ,” ಎಂದು ಪರಮೇಶಪ್ಪ ಗೆದ್ದವನಂತೆ ಹೇಳಿದ.

ಎಲ್ಲರೂ ತಲೆದೂಗಿದರು. ಚನ್ನವೀರಪ್ಪ ಮಾತ್ರ ಕವಡೆಗಳನ್ನು ಕೈಯಲ್ಲೇ ಅಲುಗಿಸುತ್ತ ಕೇಳಿದ.

“ಹಂಗಾದ್ರ ತಮ್ಮಾ, ವಾರಕ್ಕೊಮ್ಮೆ ಊರೆಲ್ಲಾ ಯಾಕ ಕತ್ತಲಿ ಆಗ್ತೈತಿ?”

ಜಗತ್ತಿಗೆಲ್ಲ ‘ಯಾಕೆ’ ಕೇಳುವವನಿಗೆ ಈ ಒಂದು ‘ಯಾಕೆ’ ಹೊಳೆದೇ ಇರಲಿಲ್ಲ! ಕತ್ತಲಾದ ದಿನಗಳಲ್ಲಿ ಎಂಜಿನ್ ನಡೆಸುವ ಉಳಿವೆಪ್ಪ ಬಂದು “ನಿಂತಾವ್ರಿ” ಎಂದು ಹೇಳಿ ಹೋಗುತ್ತಿದ್ದ. ಎರಡೂ ಕೆಟ್ಟಿವೆ ಎಂದು ಪರಮೇಶಪ್ಪ ತನ್ನಷ್ಟಕ್ಕೆ ತಿಳಿದುಕೊಂಡಿದ್ದ. ಅವತ್ತು ಶಹಾಬುದ್ದೀನ ಪೇಟೆಯಲ್ಲೇ ಇದ್ದ. ಕರೆಸಿ ಕೇಳಿದರು. ಅವನು ಗಡ್ಡ ಕೆರೆದುಕೊಂಡು, “ನಾ ಬಂದಾಗೆಲ್ಲಾ ಒಂದನ್ನಷ್ಟ ಬಿಚ್ಚೇನ್ರಿ. ಎರಡೂ ಕೂಡೇ ಕೆಟ್ಟದ್ದು ನಾ ಎಂದೂ ನೋಡಿಲ್ಲ,” ಎಂದುಬಿಟ್ಟ.

ಅಂಗಡಿಯ ಗಾಳಿ ಬದಲಾಯಿತು. ಕೆಡದ ಎಂಜಿನ್ ನಿಲ್ಲಬೇಕಾದರೆ ಯಾರದೋ ಕೈ ಅದನ್ನು ನಿಲ್ಲಿಸಿರಬೇಕು. ಶೆಡ್ಡಿನಲ್ಲಿ ಇರುವವನು ಉಳಿವೆಪ್ಪ ಒಬ್ಬನೇ. ಎಂಜಿನ್ ನಿಂತರೆ ಡೀಸೆಲ್ ಉಳಿಯುತ್ತದೆ. ಹೆದ್ದಾರಿಯ ಲಾರಿಗಳಿಗೆ ಡೀಸೆಲ್ ಬೇಕೇ ಬೇಕು. ನಾಲ್ಕು ತಲೆಗಳು ಕೂಡಿ ಇಷ್ಟನ್ನು ಹೆಣೆಯಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

“ಕವಡಿನ ಹೇಳಿದ್ವು. ಮನುಷ್ಯಾ ಸುಳ್ಳು ಹೇಳ್ಯಾನು, ಕವಡಿ ಹೇಳ್ತಾವೇನು?” ಎಂದು ಚನ್ನವೀರಪ್ಪ ಎದ್ದು ನಿಂತ. “ಅವನ್ನ ಇವತ್ತs ಕೆಲಸಾ ಬಿಡಿಸಿ ಪೊಲೀಸರಿಗೆ ತಿಳಸೂದು.”

ಪರಮೇಶಪ್ಪ ದಡಬಡಿಸಿ ಎದ್ದ. ಎಂಜಿನ್ನುಗಳ ಗುಣ ತೋರಿಸಲು ಹೋಗಿ ಒಬ್ಬ ಮನುಷ್ಯನ ಹಣೆಗೆ ಕಳ್ಳ ಎಂದು ಅಚ್ಚು ಹಾಕಿದಂತಾಗಿತ್ತು. “ಬರೂ ಸಂತಿ ತನಕಾ ತಡೀರ್ರಿ. ಎರಡನೇದು ಯಾಕ ನಿಲ್ತೈತಿ ಅಂತ ನಾ ಹುಡಕತೇನಿ,” ಎಂದು ಅಂಗಲಾಚಿದ. ಸಂತೆಯ ದಿನದವರೆಗೆ ಎಂದು ಗಡುವು ಸಿಕ್ಕಿತು. ಮಾತು ಮಾತ್ರ ಗಡುವಿಗೆ ಕಾಯಲಿಲ್ಲ. ಸಂಜೆಯೊಳಗೆ ಪೇಟೆಯ ಬಾಯಲ್ಲೆಲ್ಲ ಉಳಿವೆಪ್ಪ ಡೀಸೆಲ್ ಕಳ್ಳನಾಗಿದ್ದ.

ಮರುದಿನ ಪರಮೇಶಪ್ಪ ಶೆಡ್ಡಿಗೆ ಹೋಗಿ ಮೊದಲು ಮಾಡಿದ್ದು ಬ್ಯಾರಲ್ಲುಗಳಲ್ಲಿ ಗಜಕಡ್ಡಿ ಇಳಿಸಿ ಡೀಸೆಲ್ ಅಳೆದದ್ದು. ಇರಬೇಕಾದಷ್ಟು ಇತ್ತು. ಅದನ್ನು ಚನ್ನವೀರಪ್ಪನಿಗೆ ಹೇಳಿದರೆ, “ಸುದ್ದಿ ತಿಳದು ತಂದು ಸುರುವ್ಯಾನ ತಗೋ,” ಎಂದು ಅವನು ಕೈ ಬೀಸಿದ. ಒಮ್ಮೆ ಸಂಶಯ ಹೊಕ್ಕ ಮೇಲೆ ತುಂಬಿದ ಬ್ಯಾರಲ್ಲೂ ಸಾಕ್ಷಿಯೇ, ಖಾಲಿ ಬ್ಯಾರಲ್ಲೂ ಸಾಕ್ಷಿಯೇ.

ಆದರೆ ಪರಮೇಶಪ್ಪನಿಗೆ ಅಷ್ಟರಿಂದಲೇ ತಲೆಯೊಳಗೆ ಹುಳ ಹೊಕ್ಕಿತು. ಕಳ್ಳತನವಲ್ಲ ಎಂದಾದರೆ ಮತ್ತೇನು? ಕವಡೆಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಒಂದು ಅಂಗಾತ ಬಿತ್ತೆಂದು ಇನ್ನೊಂದು ಬೀಳುವುದಿಲ್ಲ. ಈ ಎಂಜಿನ್ನುಗಳ ನಡುವೆ ಮಾತ್ರ ಏನೋ ಒಂದು ಗಂಟು ಇದೆ. ಒಂದು ನಿಂತರೆ ಅದು ಇನ್ನೊಂದನ್ನೂ ಎಳೆದು ನಿಲ್ಲಿಸುತ್ತಿದೆ. ಆ ಗಂಟು ಎಲ್ಲಿದೆ? ತಂಪು ನೀರಿನ ಟಾಕಿ ಎರಡಕ್ಕೂ ಒಂದೇ ಎಂದು ಕಂಡು ಅವನು ಕುಣಿದಾಡಿದ. ನೋಡಿದರೆ ಟಾಕಿ ತುಂಬಿ ತುಳುಕುತ್ತಿತ್ತು, ಕೊಳವೆಗಳು ಬೇರೆ ಬೇರೆ. ಎಣ್ಣೆಯ ಪೈಪು ಬೇರೆ, ಪಟ್ಟಿ ಬೇರೆ, ಅಡಿಪಾಯದ ಕಲ್ಲು ಕೂಡ ಬೇರೆ. ಮಂಡಿಯೂರಿ ಎಂಜಿನ್ನುಗಳ ಅಡಿಗೆ ತೂರಿ ಅಂಗಿಯನ್ನೆಲ್ಲ ಮಸಿ ಮಾಡಿಕೊಂಡು ಹೊರಬಂದ.

ಉಳಿವೆಪ್ಪ ಹಿರೇಬೆಂಡಿಗೇರಿಯವನು, ನಡುವಯಸ್ಸು ದಾಟಿದ ಎತ್ತರದ ಆಳು. ಮೂಲೆಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ. ಪೇಟೆಯ ಮಾತು ಅವನ ಕಿವಿಗೂ ಬಿದ್ದಿತ್ತು. ಚಹಾದ ಅಂಗಡಿಯಲ್ಲಿ ಅವನ ಪಕ್ಕ ಕುಳಿತಿದ್ದವರು ಎದ್ದು ಹೋಗಿದ್ದರು.

“ಕಾಕಾ, ಒಂದು ಕೆಟ್ರ ಇನ್ನೊಂದು ಯಾಕ ನಿಲ್ತೈತ್ರಿ?” ಎಂದು ಪರಮೇಶಪ್ಪ ನೇರವಾಗಿ ಕೇಳಿದ.

“ನಿಲ್ತೈತ್ರಿ ಸಾಹೇಬ್ರ,” ಎಂದು ಉಳಿವೆಪ್ಪ ಎದ್ದು ಹೋಗಿ ಎಂಜಿನ್ ಒರೆಸತೊಡಗಿದ.

“ನಿಮಗ ಕಳ್ಳ ಅನ್ನಾಕತ್ತಾರ. ನೀವು ಬಾಯಿ ಬಿಡಲಿಲ್ಲಂದ್ರ ನಾ ಹೆಂಗ ಬಿಡಸಲಿ?”

ಉಳಿವೆಪ್ಪ ಅರಿವೆಯನ್ನು ಹಿಂಡಿ ಇನ್ನೊಂದು ಎಂಜಿನ್ನನ್ನೂ ಅಷ್ಟೇ ನಿಧಾನವಾಗಿ ಒರೆಸಿದ. ಪರಮೇಶಪ್ಪನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಮರುಕವೂ ಬಂತು. ಮನೆಗೆ ಬಂದು ಊಟಕ್ಕೆ ಕುಳಿತರೂ ರೊಟ್ಟಿ ಮುರಿಯದೆ ಗೋಡೆ ನೋಡುತ್ತಿದ್ದವನನ್ನು ಕಂಡು ವೀರವ್ವ, “ಎಂಜಿನ್ ಕೆಟ್ಟಮ್ಯಾಲ ಹೋಗಿ ನೋಡಿದ್ರ ಏನ್ ಕಾಣತೈತೋ? ಕೆಡೂ ಮುಂದ ಅಲ್ಲೇ ಇರು,” ಎಂದಳು. ಅಷ್ಟು ಸಾದಾ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನು ಆಮೇಲೆ ಎರಡು ರೊಟ್ಟಿ ಹೆಚ್ಚೇ ತಿಂದ.

ಅಲ್ಲಿಂದ ಸಂಜೆಯಾದರೆ ಶೆಡ್ಡೇ ಅವನ ಮನೆ. ಸಂತೆ ಹತ್ತಿರವಾಗುತ್ತ ಬಂತು. ಎಂಜಿನ್ ಕೆಡಲಿ ಎಂದು ಒಬ್ಬ ಎಂಜಿನಿಯರ್ ಮನಸ್ಸಿನಲ್ಲೇ ಬೇಡಿಕೊಳ್ಳುವುದುಂಟೆ? ಪರಮೇಶಪ್ಪ ಬೇಡಿಕೊಂಡ. ಅವು ಬೇಕೆಂದೇ ಎಂಬಂತೆ ಚೆನ್ನಾಗಿ ನಡೆದವು.

ಕಡೆಗೆ ಸಂತೆಯ ಹಿಂದಿನ ಸಂಜೆ, ಊರಿನ ದೀಪಗಳು ಹೊತ್ತಿಕೊಂಡ ಸ್ವಲ್ಪ ಹೊತ್ತಿಗೆ, ಒಂದನೆಯ ಎಂಜಿನ್ನಿನ ಸದ್ದು ಕೆಮ್ಮಿದಂತಾಯಿತು. ಕರಿ ಹೊಗೆ ಉಗುಳಿ, ಎರಡು ಸಲ ಹೊಯ್ದಾಡಿ, ಅದು ನಿಂತಿತು. ಒಡನೆಯೇ ಎರಡನೆಯದರ ದನಿ ಭಾರವಾಯಿತು. ಎರಡೂ ಲೈನುಗಳ ಹೊರೆ ಅದೊಂದರ ಮೇಲೆಯೇ ಬಿದ್ದಿತ್ತು. ಶೆಡ್ಡಿನ ಬಲ್ಬು ಕೆಂಪಗಾಯಿತು. ಪರಮೇಶಪ್ಪ ನಿಂತಲ್ಲಿಂದಲೇ ನೋಡಿದ. ಎಂಜಿನ್ ಏದುತ್ತಿತ್ತು, ಆದರೂ ನಡೆಯುತ್ತಿತ್ತು.

ಉಳಿವೆಪ್ಪ ಗಡಿಬಿಡಿ ಮಾಡಲಿಲ್ಲ. ಎರಡನೆಯದರ ಹತ್ತಿರ ಹೋಗಿ, ಅದರ ಬೆನ್ನಿನ ಮೇಲೆ ಅಂಗೈಯಿಟ್ಟು, “ಹೋ, ಹೋ, ಸಾಕು,” ಎಂದ. ಇನ್ನೊಂದು ಕೈಯಿಂದ ಎಣ್ಣೆಯ ಹಿಡಿಕೆಯನ್ನು ಮೆಲ್ಲಗೆ ಮುಚ್ಚಿದ. ಎಂಜಿನ್ ನಿಧಾನವಾಗಿ ತಣ್ಣಗಾಯಿತು. ಊರೆಲ್ಲ ಕತ್ತಲು. ಉಳಿವೆಪ್ಪ ಕಂದೀಲು ಹಚ್ಚಿ ತಿರುಗಿದಾಗ ಬಾಗಿಲ ಪಕ್ಕದಲ್ಲಿ ನಿಂತಿದ್ದ ಪರಮೇಶಪ್ಪ ಕಂಡ.

ಹೊಲದಲ್ಲಿ ಜೋಡಿಯ ಒಂದು ಎತ್ತು ಕುಸಿದರೆ ರೈತ ಇನ್ನೊಂದರ ಕೊರಳ ಕಣ್ಣಿಯನ್ನೂ ಬಿಚ್ಚುತ್ತಾನೆ. ನೊಗದ ಭಾರವನ್ನೆಲ್ಲ ಅದೊಂದರ ಹೆಗಲಿಗೆ ಬಿಡುವುದಿಲ್ಲ. ಹಂಸಭಾವಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಪರಮೇಶಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಅಂಗೈ, ಆ ‘ಹೋ ಹೋ’ ಎರಡೇ ಸಾಕಾದವು. ಅವನು ಪೈಪುಗಳಲ್ಲಿ ಹುಡುಕುತ್ತಿದ್ದ ಗಂಟು ಇಲ್ಲಿತ್ತು. ಸಂತೋಷದಿಂದ ಅವನಿಗೆ ಕೂಗಬೇಕೆನಿಸಿತು, ಆದರೆ ಉಳಿವೆಪ್ಪನ ಮುಖ ನೋಡಿ ತಡೆದುಕೊಂಡ.

“ಹೇಳಬ್ಯಾಡ್ರಿ ಸಾಹೇಬ್ರ,” ಎಂದ ಉಳಿವೆಪ್ಪ. “ನಿಮ್ಮ ಕಾಲ ಬೀಳ್ತೇನಿ.”

ಹೇಳದಿದ್ದರೆ ನಾಳೆ ಅವನು ಕಳ್ಳನೆಂದು ಜೈಲಿಗೆ. ಹೇಳಿದರೆ ಬೇಕೆಂದೇ ಊರನ್ನು ಕತ್ತಲು ಮಾಡಿದವನು. ಪರಮೇಶಪ್ಪ ಆ ರಾತ್ರಿ ಮಲಗಿದರೂ ನಿದ್ದೆ ಮಾಡಲಿಲ್ಲ.

ಸಂತೆಯ ದಿನ ಚನ್ನವೀರಪ್ಪನ ಅಂಗಡಿಯಲ್ಲಿ ಮತ್ತೆ ಗಾದಿ ತುಂಬಿತು. ಉಳಿವೆಪ್ಪನನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ಪರಮೇಶಪ್ಪ ಎದ್ದು, “ನನ್ನ ಲೆಕ್ಕ ತಪ್ಪಿತ್ರಿ,” ಎಂದೇ ಶುರು ಮಾಡಿದ. “ನಾ ಅವನ್ನ ಎರಡು ಎಂಜಿನ್ ಅಂತ ಹಿಡದೆ. ಅಲ್ಲಿ ಅವು ಒಂದು ಜೋಡಿ. ಒಂದು ಬಿದ್ರ ಇನ್ನೊಂದನ್ನೂ ನೊಗದಿಂದ ಬಿಚ್ಚತಾರ ಉಳಿವೆಪ್ಪ ಕಾಕಾ. ಕವಡಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.” ತಾನು ನೋಡಿದ್ದನ್ನು ಒಂದೂ ಬಿಡದೆ ಹೇಳಿದ.

ಪಾಲುದಾರರಲ್ಲಿ ಒಬ್ಬ ನಕ್ಕ. ಚನ್ನವೀರಪ್ಪ ನಗಲಿಲ್ಲ. “ಖರೇ ಏನೋ?” ಎಂದ.

“ಖರೇರಿ,” ಎಂದ ಉಳಿವೆಪ್ಪ.

“ಕಳ್ಳ ಅಂದ್ವಿ ನಿನಗ. ಪೊಲೀಸರ ಕೈಯಾಗ ಕೊಡವರಿದ್ವಿ. ಆವಾಗರ ಬಾಯಿ ಬಿಡಬೇಕೋ ಬ್ಯಾಡೋ?”

ಉಳಿವೆಪ್ಪ ರುಮಾಲು ಸರಿ ಮಾಡಿಕೊಂಡ. “ಎಣ್ಣಿ ಕದ್ದಿಲ್ಲ ಅನ್ನೂದು ಇವತ್ತಿಲ್ಲಾ ನಾಳೆ ತಿಳೀತಿತ್ರಿ. ಎಂಜಿನ್ ನಾನ ನಿಲ್ಲಸ್ತೇನಿ ಅಂತ ಹೇಳಿದ್ರ, ನನ್ನ ಬಿಡಿಸಿ ಇನ್ನೊಬ್ಬನ್ನ ಇಡ್ತಿದ್ರಿ. ಅವಾ ಇಡೀ ಊರ ಭಾರಾ ಅದೊಂದರ ಮ್ಯಾಲ ಹೇರಿ ಸಾಯ ಹೊಡೀತಿದ್ದ. ನನಗ ಕಳ್ಳ ಅಂದ್ರ ಅನ್ಲಿ ಬಿಡ್ರಿ, ನಾ ತಡಕೋತೇನಿ.”

ಹೊರಗೆ ಸಂತೆಯ ಗದ್ದಲ ನಡೆದೇ ಇತ್ತು. ಗಾದಿಯ ಮೇಲಿದ್ದ ನಾಲ್ವರ ಮನೆಯಲ್ಲೂ ಎತ್ತುಗಳಿದ್ದವು. ಪೊಲೀಸರ ಮಾತು ಅಲ್ಲಿಗೇ ಬಿದ್ದುಹೋಯಿತು. ಪರಮೇಶಪ್ಪನಿಗೆ ಕಣ್ಣು ತುಂಬಿ ಬಂದವು, ನಾಚಿಕೆಯೂ ಆಯಿತು. ಆದರೆ ತಲೆ ಮಾತ್ರ ಓಡುತ್ತಲೇ ಇತ್ತು.

“ಕಾಕಾ, ಒಂದು ಎಂಜಿನ್ ನಿಂತಾಗ ಒಂದು ಲೈನೂ ಕಡದುಬಿಟ್ರ? ಉಳದ ಎಂಜಿನ್ನಿಗೆ ಅದರ ಪಾಲಿನ ಭಾರ ಅಷ್ಟ ಉಳೀತೈತಿ. ದಿನಾ ಎಳಿಯೂವಷ್ಟs. ಒಂದು ಗುಂಜಿ ಹೆಚ್ಚಿಲ್ಲ.”

“ಲೈನು ಕಡೀಬ್ಯಾಡ ಅಂತ ಧಣ್ಯಾರ ಹೇಳ್ಯಾರ್ರಿ,” ಎಂದ ಉಳಿವೆಪ್ಪ.

ಅದೂ ನಿಜವಾಗಿತ್ತು. ಪವರ್‌ಹೌಸು ಶುರುವಾದ ದಿನವೇ ಚನ್ನವೀರಪ್ಪ ಹಾಗೆ ಕಟ್ಟಪ್ಪಣೆ ಮಾಡಿದ್ದ. ಈಗ ಯಾವ ಲೈನು ಕಡಿಯಬೇಕೆಂಬ ಜಗಳ ಶುರುವಾಯಿತು. ಊರ ಲೈನು ಕಡಿಯಿರಿ, ಅಲ್ಲೇನು ವ್ಯಾಪಾರವೇ ಎಂದು ಮೂವರು ಒಂದೇ ದನಿಯಲ್ಲಿ ಹೇಳಿದರು. ಚನ್ನವೀರಪ್ಪ ಕೈಯೆತ್ತಿ ತಡೆದ.

“ಒಂದು ಸಲ ಪ್ಯಾಟಿ, ಒಂದು ಸಲ ಊರು. ಮೊದಲನೇ ಸಲ ಪ್ಯಾಟಿ. ಕಳ್ಳ ಅಂತ ಮೊದಲ ನಾ ಅಂದೇನಿ, ಮೊದಲ ಕತ್ತಲಿ ನನ್ನ ಅಂಗಡಿಗೆ ಬರ್ಲಿ.”

ಹಾಗೆ ಉಳಿವೆಪ್ಪನ ಕೆಲಸವೂ ಉಳಿಯಿತು, ಹೆಸರೂ ಉಳಿಯಿತು. ಕೆಲವು ದಿನಕ್ಕೆ, ಮುಸ್ಸಂಜೆಯಲ್ಲಿ, ಎರಡನೆಯ ಎಂಜಿನ್ನೇ ನಿಂತಿತು. ಪರಮೇಶಪ್ಪ ಓಡಿಬರುವ ಹೊತ್ತಿಗೆ ಉಳಿವೆಪ್ಪ ಪೇಟೆ ಲೈನಿನ ಹಿಡಿಕೆಯನ್ನು ಕೆಳಗೆ ಎಳೆದಾಗಿತ್ತು. ಪೇಟೆ ಕತ್ತಲಾಗಿತ್ತು. ಊರ ಲೈನಿನ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಚಿಗುರಿಕೊಂಡವು. ಒಂದನೆಯ ಎಂಜಿನ್ ಒಂದೇ ನಡೆಯುತ್ತಿತ್ತು. ಉಳಿವೆಪ್ಪನ ಒಂದು ಕೈ ಎಣ್ಣೆಯ ಹಿಡಿಕೆಯ ಮೇಲಿತ್ತು. ಸ್ವಲ್ಪ ಏದಿದರೂ ಸಾಕು, ಮುಚ್ಚಿಬಿಡುವವನಂತೆ ನಿಂತಿದ್ದ.

ಅದು ಏದಲಿಲ್ಲ. ದಿನದ ಸದ್ದೇ ಮಾಡುತ್ತ ನಡೆಯಿತು. ಬಹಳ ಹೊತ್ತಾದ ಮೇಲೆ ಉಳಿವೆಪ್ಪ ಕೈ ತೆಗೆದ.

“ಎಳ್ಯಾಕತ್ತೈತ್ರಿ,” ಎಂದ, ನಂಬಲಾರದವನಂತೆ.

“ಎಳೀತೈತಿ ಕಾಕಾ. ರಾತ್ರಿ ಪೂರಾ ಬೇಕಾದ್ರೂ ಎಳೀತೈತಿ,” ಎಂದು ಪರಮೇಶಪ್ಪ ನಕ್ಕ. ತನ್ನ ಲೆಕ್ಕ ಈ ಸಲ ಹೊಂದಿತ್ತು. ಖುಷಿಯಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಉಳಿವೆಪ್ಪ ನಗಲಿಲ್ಲ. ಕೆಳಗೆ ಕುಳಿತುಕೊಂಡ. “ನನ್ನ ಬಲಗಡಿ ಎತ್ತು ಗಂಟಲ ಬ್ಯಾನಿ ಬಂದು ಹೋತ್ರಿ. ಎಡಗಡಿದು ಗಟ್ಟಿ ಇತ್ತು. ಒಂಟಿ ಎತ್ತಿಗೆ ನೊಗಾ ಹಾಕಬಾರದು ಅಂತ ಸಂತ್ಯಾಗ ಕೊಟ್ಟುಬಿಟ್ಟೆ. ಹೊಲಾ ಇನ್ನೊಬ್ಬರಿಗೆ ಲಾವಣಿಗೆ ಕೊಟ್ಟು ಇಲ್ಲಿ ಬಂದೆ. ಕೊಟ್ಟ ದಿನಾ ಅದು ನನ್ನ ಹಿಂದನ ತಿರುಗಿ ಬರಾಕತ್ತಿತ್ತು, ತೊಗೊಂಡವರು ಹಗ್ಗಾ ಜಗ್ಗಿ ಒಯ್ದರು.” ಅವನು ಎಂಜಿನ್ನನ್ನೇ ನೋಡುತ್ತಿದ್ದ. “ಭಾರಾ ಅರ್ಧಾ ಮಾಡಿ ಒಂದು ಸಣ್ಣ ಗಾಡಿ ಹೂಡಿದ್ರ, ಅದೂ ಎಳೀತಿತ್ತಲ್ರಿ ಸಾಹೇಬ್ರ?”

ಪರಮೇಶಪ್ಪನಿಗೆ ಉತ್ತರ ಗೊತ್ತಿತ್ತು.

“ಗೊತ್ತಿಲ್ಲ ಕಾಕಾ,” ಎಂದ.

“ನನಗ ಈಗ ಗೊತ್ತಾತ್ರಿ,” ಎಂದು ಉಳಿವೆಪ್ಪ ಎದ್ದ. ಅರಿವೆ ತೆಗೆದುಕೊಂಡು ನಡೆಯುತ್ತಿದ್ದ ಎಂಜಿನ್ನನ್ನು ಒರೆಸತೊಡಗಿದ.